ದ್ರೋಹವೋ, ಪ್ರಮಾದವೋ? — ಕಿತ್ತೂರು ಮತ್ತು ಸುರೇಬಾನದ ಎರಡು ಅನರ್ಥಗಳ ವಿಚಾರ

ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಯಿರುವದು. ಅಲ್ಲಿಂದ ದಕ್ಷಿಣಕ್ಕೆ ಕಿತ್ತೂರಿನ ಕೋಟೆಯ ಹಾಳುಗೋಡೆಗಳು. ಪೂರ್ವಕ್ಕೆ ಸವದತ್ತಿಯನ್ನು ದಾಟಿ ನಡೆದರೆ ರಾಮದುರ್ಗ, ಅದರ ಸೀಮೆಯಲ್ಲಿ ಸುರೇಬಾನವೆಂಬ ಊರು. ಹಳೆಯ ಕಾಲದ ಕುದುರೆಸವಾರನು ಎರಡು ದಿನಗಳಲ್ಲಿ ಸುತ್ತಿ ಬರಬಹುದಾದ ಈ ಪುಟ್ಟ ನಾಡಿನಲ್ಲಿ, 34 ವರ್ಷಗಳ ಅಂತರದಿಂದ, ಇಂಗ್ಲಿಷರ ಇಬ್ಬರು ಪೊಲಿಟಿಕಲ್ ಏಜೆಂಟರು ಪ್ರಾಣ ಕಳೆದುಕೊಂಡರು. 1824ನೆಯ ಇಸ್ವಿಯ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆಯು ಬಿದ್ದನು; 1858ನೆಯ ಇಸ್ವಿಯ ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ನನು ಹತನಾದನು. ಎರಡು ಸಾರಿಯೂ ಆ ಸಾವಿನ ಹಿಂದೆಯೇ ಒಂದೊಂದು ಸಂಸ್ಥಾನವು ಅಳಿದುಹೋಯಿತು. ಎರಡಕ್ಕೂ ಮೂಲವು ಒಂದೇ: ಮಕ್ಕಳಿಲ್ಲದ ಮನೆಯ ದತ್ತಕ.

ಇಂಥ ಅನರ್ಥಗಳ ಕಥೆಯನ್ನು ಕೇಳಿದವರು ಮೊದಲು ಕೇಳುವ ಪ್ರಶ್ನೆಯೆಂದರೆ, ಇದನ್ನು ಮಾಡಿದವರು ದುಷ್ಟರೋ, ಮೂಢರೋ ಎಂಬದು. ನಮ್ಮ ಜನರು ಸಾಮಾನ್ಯವಾಗಿ ದುಷ್ಟರೆಂದೇ ಉತ್ತರಿಸುವರು. ಥ್ಯಾಕರೆಯು ದುರಾಶೆಯ ಪುತ್ಥಳಿ. ಕಿತ್ತೂರು ಬಿದ್ದದ್ದು ಮನೆಮುರುಕರ ದ್ರೋಹದಿಂದ. ಇಷ್ಟಕ್ಕೆ ಕಥೆಯು ಮುಗಿಯುವದು. ಇಂಗ್ಲಿಷ ಬರೆಹಗಾರರಾದರೋ ತಮ್ಮವರ ವಿಷಯದಲ್ಲಿ ಎರಡನೆಯ ಉತ್ತರವನ್ನು ಮೆಚ್ಚುವರು: ಅಧಿಕಾರಿಯು ಸಜ್ಜನನೇ, ಆದರೆ ಸ್ವಲ್ಪ ಆತುರಪಟ್ಟನು ಎಂದು. ಈ ಎರಡು ಉತ್ತರಗಳಲ್ಲಿ ಯಾವದು ನಿಜವೆಂಬದನ್ನು ಭಾವನೆಗೆ ಬಿಡದೆ ಸಂಗತಿಗಳಿಂದಲೇ ಪರೀಕ್ಷಿಸುವದು ಅವಶ್ಯ. ಏಕೆಂದರೆ ರೋಗವನ್ನು ತಪ್ಪಾಗಿ ಗುರುತಿಸಿದವನು ಔಷಧವನ್ನೂ ತಪ್ಪಾಗಿ ಕೊಡುವನು.

ಈ ಪರೀಕ್ಷೆಗೆ ನಮ್ಮ ಶಾಸ್ತ್ರಕಾರರು ಒಳ್ಳೆಯದೊಂದು ಒರೆಗಲ್ಲನ್ನು ಕೊಟ್ಟಿರುವರು. ಒಬ್ಬನ ಮಾತು ಏಕೆ ಸುಳ್ಳಾಗುವದು ಎಂಬದನ್ನು ವಿಚಾರಿಸುವಾಗ ಅವರು ನಾಲ್ಕು ಪುರುಷದೋಷಗಳನ್ನು ಎಣಿಸುವರು. ಮೊದಲನೆಯದು ಭ್ರಮ, ಅಂದರೆ ಒಂದನ್ನು ಮತ್ತೊಂದೆಂದು ತಿಳಿಯುವದು. ಎರಡನೆಯದು ಪ್ರಮಾದ, ಎಚ್ಚರಗೇಡಿತನ. ಮೂರನೆಯದು ವಿಪ್ರಲಿಪ್ಸೆ, ವಂಚಿಸಬೇಕೆಂಬ ಇಚ್ಛೆ. ನಾಲ್ಕನೆಯದು ಕರಣಾಪಾಟವ, ಸಾಧನಗಳ ಅಸಾಮರ್ಥ್ಯ. ಮಾತಿಗೆ ಹೇಳಿದ ಈ ದೋಷಗಳು ಕೃತಿಗೂ ಸಲ್ಲುವವು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ನಾಲ್ಕರಲ್ಲಿ ದುರುದ್ದೇಶವುಳ್ಳದ್ದು ಒಂದು ಮಾತ್ರ. ಉಳಿದ ಮೂರು ಒಳ್ಳೆಯ ಮನಸ್ಸಿನವನಲ್ಲಿಯೂ ಇರಬಹುದು.

ಇನ್ನು ಕಿತ್ತೂರಿಗೆ ಬರೋಣ. 1817-18ರಲ್ಲಿ ಪೇಶವೆಯೊಡನೆ ಯುದ್ಧ ನಡೆದಾಗ ಥಾಮಸ್ ಮನ್ರೋನು ಈ ಸೀಮೆಗೆ ಬಂದನು. ಅವನ ಹತ್ತಿರ ಸೈನ್ಯವು ಅತ್ಯಲ್ಪ. ಆದರೂ ಅವನು ಊರ ಜನರನ್ನೂ ದೇಸಾಯಿಗಳನ್ನೂ ಒಲಿಸಿಕೊಂಡು, ಇಲ್ಲಿಯ ಸಿಪಾಯಿಗಳನ್ನೇ ಕೂಡಿಸಿ, ಕೋಟೆಯ ಹಿಂದೆ ಕೋಟೆಯನ್ನು ಗೆದ್ದನು. 1818ರಲ್ಲಿ ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಕಿತ್ತೂರಿನವರು ಅವನಿಗೆ ನೆರವಾದರು. ದೇಸಾಯಿ ಮಲ್ಲಸರ್ಜನನ್ನು ಪೇಶವೆಯು ಪುಣೆಯಲ್ಲಿ ಸೆರೆಯಿಟ್ಟ ನೋವು ಅವರಿಗೆ ಆಗಿನ್ನೂ ಹಸಿಯಾಗಿತ್ತು. ಮಲ್ಲಸರ್ಜನು 1816ರಲ್ಲಿ ತೀರಿಕೊಂಡಿದ್ದನು. ಹೀಗೆ ಕಿತ್ತೂರು ಕಂಪನಿ ಸರಕಾರದ ಮಿತ್ರಸಂಸ್ಥಾನವಾಗಿ ಉಳಿಯಿತು. ಈ ಮಿತ್ರನನ್ನು ಶತ್ರುವನ್ನಾಗಿ ಮಾಡಲಿಕ್ಕೆ ಆರು ವಾರಗಳು ಸಾಕಾದವು.

1824ರ ಸಪ್ಟಂಬರದಲ್ಲಿ ಮಲ್ಲಸರ್ಜನ ಮಗನಾದ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ಮರಣಹೊಂದಿದನು. ಮಾಸ್ತಮರಡಿಯ ಗೌಡರ ಮನೆಯ ಹುಡುಗನನ್ನು ದತ್ತಕ ತೆಗೆದುಕೊಂಡಿರುವದಾಗಿ ತಿಳಿಸುವ ಪತ್ರವು ಧಾರವಾಡದಲ್ಲಿದ್ದ ಕಲೆಕ್ಟರ ಥ್ಯಾಕರೆಗೆ ಮುಟ್ಟಿತು. ಪತ್ರದ ಮೇಲಿನ ತಾರೀಖು ಜುಲೈ ತಿಂಗಳದು. ಅದು ಕೈಸೇರಿದ್ದು ದೇಸಾಯಿಯ ಅಂತ್ಯಕಾಲದಲ್ಲಿ. ಥ್ಯಾಕರೆಗೆ ಸಂಶಯವುಂಟಾಯಿತು. ರುಜುವು ದೇಸಾಯಿಯದೇ ಹೌದೋ ಅಲ್ಲವೋ ಎಂದು ಕೇಳಿದನು. ಧಾರವಾಡದ ಡಾಕ್ಟರನನ್ನು ಕಿತ್ತೂರಿಗೆ ಕಳಿಸಿದನು. ಡಾಕ್ಟರನು ಬರುವಷ್ಟರಲ್ಲಿ ದೇಸಾಯಿಯ ಪ್ರಾಣ ಹೋಗಿತ್ತು. ಇಷ್ಟರವರೆಗೆ ಥ್ಯಾಕರೆಯ ನಡತೆಯಲ್ಲಿ ಅನ್ಯಾಯವೇನೂ ಇಲ್ಲ. ಸಂಶಯಪಡುವದು ಅಧಿಕಾರಿಯ ಧರ್ಮವೇ.

ಆದರೆ ಈ ಸಂಶಯದ ಬುಡದಲ್ಲಿ ಒಂದು ಭ್ರಮವಿತ್ತು. ದತ್ತಕದ ವಿಧಿಯನ್ನು ಹೇಳುವಾಗ ವಸಿಷ್ಠ ಧರ್ಮಸೂತ್ರವು ಬಂಧುಗಳನ್ನು ಕರೆದು, ಅರಸನಿಗೆ ನಿವೇದಿಸಿ, ಮನೆಯ ನಡುವೆ ಹೋಮವನ್ನು ಮಾಡಿ ಮಗನನ್ನು ಸ್ವೀಕರಿಸತಕ್ಕದ್ದೆಂದು ಹೇಳುವದು. ಇಲ್ಲಿ ಹೇಳಿದ್ದು ನಿವೇದನ, ಅನುಮತಿಯಲ್ಲ. ತಿಳಿಸುವದು ಬೇರೆ, ಬೇಡುವದು ಬೇರೆ. ಕಿತ್ತೂರಿನವರು ತಾವು ತಿಳಿಸಿದೆವೆಂದು ಭಾವಿಸಿದರು; ಥ್ಯಾಕರೆಯು ಇವರು ಹೊತ್ತು ಮೀರಿ ಬೇಡಲು ಬಂದರೆಂದು ಭಾವಿಸಿದನು. ಪತ್ರ ಒಂದೇ, ಓದಿದ ಭಾಷೆಗಳು ಎರಡು. ದತ್ತಕದ ಹೆಸರಿನಲ್ಲಿ ಸಂಸ್ಥಾನಗಳನ್ನು ನುಂಗಿದ ನೀತಿಯು ಡಾಲಹೌಸಿಯ ಹೆಸರಿನಿಂದ ಪ್ರಸಿದ್ಧವಾಗಿದೆ. ಆದರೆ ಅವನು ಗವರ್ನರ ಜನರಲನಾಗಿ ಬಂದದ್ದು 1848ರಲ್ಲಿ. ಅದಕ್ಕೆ 24 ವರ್ಷ ಮೊದಲೇ ಕಿತ್ತೂರಿನಲ್ಲಿ ಈ ಜಗಳದ ಮೊದಲ ಅಂಕವು ನಡೆದುಹೋಯಿತು.

ಭ್ರಮದ ಹಿಂದೆ ಪ್ರಮಾದವು ಬಂದಿತು. ಮೇಲಿನವರ ಕೊನೆಯ ನಿರ್ಣಯವು ಬರುವ ಮುಂಚೆಯೇ ಥ್ಯಾಕರೆಯು ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿಸಿ, ತನ್ನ ಕಾವಲನ್ನಿಟ್ಟು, ಕೊಣ್ಣೂರ ಮಲ್ಲಪ್ಪ ಹಾಗೂ ಹಾವೇರಿ ವೆಂಕಟರಾಯ ಎಂಬವರನ್ನು ಕಾರಭಾರಕ್ಕೆ ನೇಮಿಸಿದನು. ಗಂಡನನ್ನೂ ಮಗನನ್ನೂ ಕಳೆದುಕೊಂಡ ಮನೆಯಲ್ಲಿ ಸೂತಕದ ದಿನಗಳಲ್ಲಿಯೇ ಪರರ ಕಾವಲು ನಿಂತದ್ದು ರಾಣಿಗೆ ಹೇಗೆ ತೋರಿರಬಹುದೆಂಬದನ್ನು ವಾಚಕರೇ ಊಹಿಸಬಲ್ಲರು. ರಾಣಿಯು ಡೆಕ್ಕನ್ ಕಮಿಶನರ ಚಾಪ್ಲಿನ್ನನಿಗೂ ಮುಂಬಯಿಯ ಗವರ್ನರ ಎಲ್‌ಫಿನ್‌ಸ್ಟನ್ನನಿಗೂ ಬರೆದುಕೊಂಡಳು. ಇತ್ತ ಥ್ಯಾಕರೆಯು ತನ್ನ ಸಹಾಯಕರನ್ನೂ ಮದ್ರಾಸದ ಕುದುರೆ ತೋಪಖಾನೆಯ ಒಂದು ತುಕಡಿಯನ್ನೂ ಕರೆದುಕೊಂಡು ಸ್ವತಃ ಕಿತ್ತೂರಿಗೆ ಬಂದಿಳಿದನು.

ಅಕ್ಟೋಬರ 23ರ ಮುಂಜಾನೆ ಕೋಟೆಯ ಬಾಗಿಲುಗಳು ಮುಚ್ಚಿದ್ದವು. ತೆರೆಯದಿದ್ದರೆ ತೋಪಿನಿಂದ ಒಡೆಯುವೆನೆಂದು ಥ್ಯಾಕರೆಯು ಹೆದರಿಸಿ, ತೋಪುಗಳನ್ನು ಬಾಗಿಲಿಗೆ ತರಿಸಿದನು. ಒಳಗಿನವರು ಒಮ್ಮೆಲೆ ಹೊರನುಗ್ಗಿ ಬಂದರು. ಥ್ಯಾಕರೆಯೂ, ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಸೇನಾಧಿಕಾರಿಗಳೂ ಮಡಿದರು. ಸ್ಟೀವನ್‌ಸನ್ ಹಾಗೂ ಎಲಿಯಟ್ ಎಂಬ ಇಬ್ಬರು ಸಹಾಯಕರು ಸೆರೆಸಿಕ್ಕರು. ಧಾರವಾಡವು ಅಲ್ಲಿಂದ ಸುಮಾರು 20 ಮೈಲು. ಒಂದು ಗಳಿಗೆ ತಡೆದು ಹೆಚ್ಚಿನ ಸೈನ್ಯವನ್ನು ಕರೆಸಬಹುದಾಗಿತ್ತು. ಒಂದು ತಿಂಗಳು ತಡೆದು ಮೇಲಿನವರ ಉತ್ತರವನ್ನು ಕಾಯಬಹುದಾಗಿತ್ತು. ಎರಡನ್ನೂ ಮಾಡದ್ದು ದುರುದ್ದೇಶದಿಂದಲ್ಲ. ದುರುದ್ದೇಶವುಳ್ಳವನು ಲೆಕ್ಕ ಹಾಕುವನು. ತನ್ನ ಪ್ರಾಣವನ್ನಂತೂ ಮೊದಲು ಲೆಕ್ಕ ಹಾಕುವನು. ಬೆರಳೆಣಿಕೆಯ ಜನರೊಡನೆ ಮುಚ್ಚಿದ ಬಾಗಿಲ ಮುಂದೆ ನಿಂತವನ ತಲೆಯಲ್ಲಿದ್ದದ್ದು ಒಂದೇ ನಂಬಿಕೆ: ತನ್ನ ಮಾತಿಗೆ ಇವರು ಎದುರಾಡಲಾರರೆಂಬದು. ಏಳು ವರ್ಷದ ಹಿಂದೆ ಇದೇ ಜನರ ಪ್ರೀತಿಯನ್ನು ಮನ್ರೋನು ಬಲವೆಂದು ಎಣಿಸಿದ್ದನು. ಥ್ಯಾಕರೆಯು ಅವರ ಸೌಮ್ಯತೆಯನ್ನು ಅಂಜಿಕೆಯೆಂದು ಎಣಿಸಿದನು.

ಸೆರೆಸಿಕ್ಕ ಎಲಿಯಟ್ಟನಿಗೆ ಆಗ 21 ವರ್ಷ. ಕಿತ್ತೂರಿನವರು ಸೆರೆಯಾಳುಗಳನ್ನು ಗೌರವದಿಂದಲೇ ನಡೆಸಿಕೊಂಡರು. ಮುಂದೆ ಸರ್ ವಾಲ್ಟರ್ ಎಲಿಯಟ್ ಎಂದು ಪ್ರಸಿದ್ಧನಾದ ಇವನು ಕನ್ನಡನಾಡಿನ ನೂರಾರು ಶಾಸನಗಳ ಪ್ರತಿಗಳನ್ನು ಕೂಡಿಹಾಕಿ, ಚಾಲುಕ್ಯರ ಇತಿಹಾಸಕ್ಕೆ ಅಡಿಗಲ್ಲನ್ನಿಟ್ಟನು. ಕೋಟೆಯ ಬಾಗಿಲಲ್ಲಿ ಥ್ಯಾಕರೆಗೆ ಕಾಣದಿದ್ದ ನಾಡು, ಕೋಟೆಯೊಳಗೆ ಸೆರೆಯಿದ್ದವನಿಗೆ ಮುಂದೆ ಕಂಡಿತು.

ಇನ್ನು ಸುರೇಬಾನದ ಸಂಗತಿ. ನರಗುಂದದ ಭಾಸ್ಕರರಾಯ ಭಾವೆಯು, ಬಾಬಾಸಾಹೇಬನೆಂದು ಜನರು ಕರೆಯುತ್ತಿದ್ದವನು, ವಿದ್ಯಾಪ್ರಿಯನು. ಸಾವಿರಾರು ಸಂಸ್ಕೃತ ಗ್ರಂಥಗಳ ಭಂಡಾರವು ಅವನಲ್ಲಿತ್ತು. ಅವನಿಗೂ ಮಕ್ಕಳಿಲ್ಲ, ದತ್ತಕಕ್ಕೆ ಸರಕಾರವು ಒಪ್ಪಲಿಲ್ಲ. ಮೇಲಾಗಿ 1857ರ ಶಸ್ತ್ರಕಾಯಿದೆಯಿಂದ ನಾಡೆಲ್ಲ ಕುದಿಯುತ್ತಿತ್ತು. ಮುಧೋಳದ ಸೀಮೆಯ ಹಲಗಲಿಯಲ್ಲಿ ಬೇಡರು ಎದ್ದು ನಾಶಹೊಂದಿದ್ದರು. ಬೆಳಗಾವಿಯ ಸೀಟನ್‌ಕಾರನು ಸಂಸ್ಥಾನಿಕರೊಡನೆ ಸಾಮದಿಂದ ನಡೆದುಕೊಂಡು ಬಂದವನು. 1858ರ ಮೇ ತಿಂಗಳಲ್ಲಿ ರಾಜಕಾರಣದ ಕೆಲಸವನ್ನು ಅವನಿಂದ ತೆಗೆದು ಮ್ಯಾನ್ಸನ್ನನಿಗೆ ಕೊಟ್ಟರು. ಮ್ಯಾನ್ಸನ್ನನು ಮೊದಲು ಇನಾಮ ಕಮಿಶನ್ನಿನಲ್ಲಿ ಕೆಲಸ ಮಾಡಿದವನು. ತಲೆತಲಾಂತರದ ಇನಾಮುಗಳ ಕಾಗದಗಳನ್ನು ಶೋಧಿಸಿ ಭೂಮಿಯನ್ನು ಕಸಿದುಕೊಂಡ ಆ ಕಮಿಶನ್ನಿನ ಹೆಸರೆತ್ತಿದರೆ ಜಾಗೀರದಾರರ ಮೈ ಉರಿಯುತ್ತಿತ್ತು. ಹೊತ್ತಿಕೊಳ್ಳುತ್ತಿರುವ ಬಣವೆಯ ಕಾವಲಿಗೆ ಕೈಯಲ್ಲಿ ಪಂಜು ಹಿಡಿದವನನ್ನು ಕಳಿಸಿದಂತಾಯಿತು.

ಮ್ಯಾನ್ಸನ್ನನು ಕೇಡು ಬಗೆದು ಹೊರಟವನಲ್ಲ. ನರಗುಂದದವನಿಗೆ ಬುದ್ಧಿಹೇಳಿ ಅವನನ್ನು ಉಳಿಸಬಹುದೆಂಬ ಆಶೆಯಿಂದಲೇ ಅವಸರವಾಗಿ ರಾಮದುರ್ಗಕ್ಕೆ ಬಂದನು. ರಾಮದುರ್ಗದ ರಾಮರಾಯನು ಭಾಸ್ಕರರಾಯನ ಮಲಸಹೋದರನು. ಬಂಡಿನಲ್ಲಿ ಕೂಡಿಕೊಳ್ಳೆಂದು ನರಗುಂದದಿಂದ ಬಂದ ಪತ್ರವನ್ನು ಅವನು ಮ್ಯಾನ್ಸನ್ನನಿಗೆ ತೋರಿಸಿ, ಇಷ್ಟು ಸ್ವಲ್ಪ ಜನರೊಡನೆ ನರಗುಂದದ ಸೀಮೆಯಲ್ಲಿ ಹೋಗಬೇಡಿರೆಂದು ಬೇಡಿಕೊಂಡನು. ಮ್ಯಾನ್ಸನ್ನನು ಕೇಳಲಿಲ್ಲ. ಹತ್ತು-ಹನ್ನೆರಡು ಸವಾರರೊಡನೆ ಹೊರಟು, ಸುರೇಬಾನದಲ್ಲಿ ಒಂದು ಗುಡಿಯ ಹತ್ತಿರ ಪಾಲಕಿಯಲ್ಲಿಯೇ ಮಲಗಿದನು. ನಡುರಾತ್ರಿಯಲ್ಲಿ ನರಗುಂದದವರು ಬಿದ್ದು ಅವನನ್ನು ಕೊಂದು ತಲೆಯನ್ನು ಒಯ್ದರು. ಎಚ್ಚರಿಕೆಯ ಮಾತು ಅವನಿಗೆ ದೊರೆಯಲಿಲ್ಲವೆಂದಲ್ಲ. ದೊರೆತ ಮಾತು ಕಿವಿಯಿಂದ ಕೆಳಗಿಳಿಯಲಿಲ್ಲ. ಧೃತರಾಷ್ಟ್ರನು ರಾತ್ರಿಯೆಲ್ಲ ಎಚ್ಚತ್ತು ವಿದುರನ ನೀತಿಯನ್ನು ಕೇಳಿ, ಬೆಳಗಾದ ಮೇಲೆ ತನ್ನ ಹಳೆಯ ದಾರಿಯನ್ನೇ ಹಿಡಿದಂತೆ.

ಇದು ಕಂಪನಿಯ ಪಕ್ಷದ ಮಾತಾಯಿತು. ನ್ಯಾಯವಾದ ತಕ್ಕಡಿಯು ನಮ್ಮವರನ್ನೂ ತೂಗಬೇಕು. ಕಿತ್ತೂರು ಬಿದ್ದ ಕಾರಣವನ್ನು ಕೇಳಿದರೆ ಮಕ್ಕಳು ಕೂಡ ಹೇಳುವರು: ಮದ್ದಿನಲ್ಲಿ ಸಗಣಿಯನ್ನೂ ಕಾಳನ್ನೂ ಬೆರಸಿದ ದ್ರೋಹಿಗಳಿಂದ. ಮಲ್ಲಪ್ಪಶೆಟ್ಟಿಯೆಂಬ ಹೆಸರು ಈ ಸೀಮೆಯಲ್ಲಿ ದ್ರೋಹಕ್ಕೆ ಪರ್ಯಾಯಪದವಾಗಿ ಕುಳಿತಿದೆ. ನರಗುಂದದ ಕಥೆಯಲ್ಲಿಯೂ ಮನೆಯೊಳಗಿನ ದ್ರೋಹಿಯುಂಟು. ಸೋತ ಕೋಟೆಗಳಲ್ಲೆಲ್ಲ ಇಂಥ ಕಥೆಯು ಹುಟ್ಟುವದನ್ನು ನೋಡಿದರೆ, ಇದರಲ್ಲಿ ನಡೆದ ಸಂಗತಿಯೆಷ್ಟು, ನೊಂದ ಮನಸ್ಸಿನ ಸಮಾಧಾನವೆಷ್ಟು ಎಂದು ಕೇಳಬೇಕಾಗುವದು.

ಕಂಪನಿಯ ಪಕ್ಷವನ್ನು ಹಿಡಿದವರು ಕಿತ್ತೂರಿನಲ್ಲಿ ಇದ್ದರೆಂಬದು ನಿಜ. ಆದರೆ ಡಿಸೆಂಬರದಲ್ಲಿ ಕಿತ್ತೂರಿನ ಮುಂದೆ ಬಂದು ನಿಂತದ್ದು ಅಕ್ಟೋಬರದ ತುಕಡಿಯಲ್ಲ. ಮುಂಬಯಿ ಮತ್ತು ಮದ್ರಾಸ ಎರಡೂ ಇಲಾಖೆಗಳ ಪಲಟಣಗಳು ದೊಡ್ಡ ತೋಪುಗಳೊಡನೆ ಕೂಡಿದ್ದವು. ಕಿತ್ತೂರಿನದು ಗಿರಿದುರ್ಗವಲ್ಲ, ಬಯಲ ಕೋಟೆ. ಮದ್ದು ಎಷ್ಟೇ ಶುದ್ಧವಿದ್ದರೂ ಅಂಥ ಗೋಡೆಗಳು ಆ ತೋಪುಗಳ ಮುಂದೆ ಬಹಳ ದಿನ ನಿಲ್ಲತಕ್ಕವಲ್ಲ. ಇದು ನಾಲ್ಕನೆಯ ದೋಷ, ಕರಣಾಪಾಟವ. ಇದಕ್ಕಿಂತ ದೊಡ್ಡ ಪ್ರಶ್ನೆಯೊಂದುಂಟು. ಜಯ ದೊರೆತ ಬಳಿಕ ಸಿಕ್ಕ ಆರು ವಾರಗಳು ಹೇಗೆ ಕಳೆದವು? ನೆರೆಯ ಸಂಸ್ಥಾನಿಕರೊಬ್ಬರೂ ಸೈನ್ಯಸಹಿತವಾಗಿ ಬರಲಿಲ್ಲ. ಕೈಯಲ್ಲಿದ್ದ ದೊಡ್ಡ ಬಲವೆಂದರೆ ಇಬ್ಬರು ಸೆರೆಯಾಳುಗಳು. ಅವರನ್ನು ಡಿಸೆಂಬರದ ಆರಂಭದಲ್ಲಿ ಬಿಟ್ಟುಕೊಟ್ಟರು. ಬಿಟ್ಟ ಬೆನ್ನಿಗೇ ಮುತ್ತಿಗೆಯು ಆರಂಭವಾಗಿ, ತಿಂಗಳ ಮೊದಲ ವಾರದೊಳಗೆ ಕೋಟೆಯು ಬಿದ್ದಿತು. ಮನ್ರೋನ ಬಂಧುವಾದ ಸೊಲ್ಲಾಪುರದ ಸಬ್ ಕಲೆಕ್ಟರನು ಈ ಯುದ್ಧದಲ್ಲಿಯೇ ಗಾಯಹೊಂದಿ ಸತ್ತನು. ಸೆರೆಯಾಳುಗಳನ್ನು ಪಡೆದು ಮಾತು ಮುರಿದರೆಂದು ಕಿತ್ತೂರಿನ ಪಕ್ಷ. ಕರಾರುಗಳು ಪೂರೈಸಲಿಲ್ಲವೆಂದು ಕಂಪನಿಯ ಪಕ್ಷ. ಕಂಪನಿಯ ಕಡೆಯಲ್ಲಿ ವಿಪ್ರಲಿಪ್ಸೆಯನ್ನು ಹುಡುಕುವವರು ಥ್ಯಾಕರೆಯ ಅಕ್ಟೋಬರದಲ್ಲಿ ಹುಡುಕದೆ ಈ ಡಿಸೆಂಬರದಲ್ಲಿ ಹುಡುಕುವದು ಹೆಚ್ಚು ಯುಕ್ತ. ಆದರೂ ಬಲ್ಲ ಮಂತ್ರಿಯು ವೈರಿಯ ಸೌಜನ್ಯದ ಮೇಲೆ ತನ್ನ ಕೊನೆಯ ಅಸ್ತ್ರವನ್ನು ಒತ್ತೆಯಿಡಲಾರನು.

ನರಗುಂದದಲ್ಲಿಯಂತೂ ಪ್ರಮಾದವು ಇನ್ನೂ ಸ್ಪಷ್ಟ. ಗುಡ್ಡದ ಮೇಲಿನ ಆ ಕೋಟೆಯು ಈ ಪ್ರಾಂತದ ಬಲವಾದ ಕೋಟೆಗಳಲ್ಲೊಂದು. ಜೂನ್ ಆರಂಭದಲ್ಲಿ ಮಾಲ್ಕಮನ ಸೈನ್ಯವು ಬಂದಾಗ ನರಗುಂದದವರು ಬಯಲಿಗಿಳಿದು ಕಾದು ಚದರಿಹೋದರು. ಮರುದಿನ ಕೋಟೆಯು ಬರಿದಾಗಿ ವೈರಿಯ ಕೈಸೇರಿತು. ಭಾಸ್ಕರರಾಯನನ್ನು ತೋರಗಲ್ಲಿನ ಕಡೆಯ ಅಡವಿಯಲ್ಲಿ ಹಿಡಿದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಗೆ ಆಹುತಿಯಾದರು. ಸಾವಿರಾರು ಗ್ರಂಥಗಳ ನಡುವೆ ಬಾಳಿದವನಿಗೆ, ಮಲಗಿದ್ದ ಒಬ್ಬ ಅಧಿಕಾರಿಯ ತಲೆಯನ್ನು ತಂದು ಬಾಗಿಲಿಗೆ ತೂಗಿದರೆ ಮುಂದೆ ಏನಾಗುವದೆಂಬದು ತೋಚಲಿಲ್ಲ. ವಿದ್ಯೆಯಿದ್ದಲ್ಲಿ ವಿವೇಕವಿರುವದೆಂಬ ನಿಯಮವಿಲ್ಲ. ಇದಕ್ಕೆ ಇಂಗ್ಲಿಷರ ಪಕ್ಷದಲ್ಲಿಯೂ ದೃಷ್ಟಾಂತವುಂಟು. ಹಿಂದೂ ಧರ್ಮಶಾಸ್ತ್ರದ ಮೇಲೆಯೂ ಮುಸಲ್ಮಾನರ ಕಾಯಿದೆಯ ಮೇಲೆಯೂ ಗ್ರಂಥಗಳನ್ನು ಬರೆದ ಮ್ಯಾಕ್‌ನಾಟನ್ನನೇ ಕಾಬೂಲಿನಲ್ಲಿ ರಾಜಕಾರಣವನ್ನು ನಡೆಸಿ, 1841ರ ಡಿಸೆಂಬರದಲ್ಲಿ ಕೊಲೆಯಾದನು; ಮುಂದಿನ ತಿಂಗಳಲ್ಲಿ ಅಲ್ಲಿಂದ ಹೊರಟ ಸೈನ್ಯವೆಲ್ಲ ಹಿಮದಲ್ಲಿ ನಾಶವಾಯಿತು.

ಹಾಗಾದರೆ ಎಲ್ಲವೂ ಪ್ರಮಾದವೇ, ದುರುದ್ದೇಶವೆಂಬದು ಇಲ್ಲವೇ ಇಲ್ಲವೋ? ಇಲ್ಲಿ ಒಂದು ಬಲವಾದ ಆಕ್ಷೇಪವು ಏಳುವದು. ಎಚ್ಚರಗೇಡಿಯಾದ ಅಂಗಡಿಕಾರನ ಲೆಕ್ಕದಲ್ಲಿ ತಪ್ಪುಗಳು ಒಮ್ಮೆ ಗಿರಾಕಿಯ ಕಡೆಗೆ, ಒಮ್ಮೆ ತನ್ನ ಕಡೆಗೆ ವಾಲುವವು. ತಪ್ಪುಗಳೆಲ್ಲ ತನ್ನ ಗಲ್ಲೆಯ ಕಡೆಗೇ ವಾಲಿದರೆ ಅದು ಎಚ್ಚರಗೇಡಿತನವಲ್ಲವೆಂದು ಹಳ್ಳಿಯ ಮುದುಕಿಯೂ ಅರಿಯುವಳು. ಥ್ಯಾಕರೆಯು ತಪ್ಪಿದನು, ಕಿತ್ತೂರು ಕಂಪನಿಗೆ ಸೇರಿತು. ಮ್ಯಾನ್ಸನ್ನನು ತಪ್ಪಿದನು, ನರಗುಂದವು ಸರಕಾರಕ್ಕೆ ಸೇರಿತು. ಕಿತ್ತೂರಿನ ಖಜಾನೆಯಿಂದ ಲಕ್ಷಾವಧಿ ರೂಪಾಯಿಗಳು ಹೋದವು. ಜನರು ಇದನ್ನು ದುರುದ್ದೇಶವೆಂದು ಕರೆದದ್ದು ಅಜ್ಞಾನದಿಂದಲ್ಲ.

ಈ ಆಕ್ಷೇಪವು ಸತ್ಯವೇ. ಆದರೆ ಅದು ತೋರಿಸುವ ದೋಷವು ಬೇರೆ ಕಡೆಗಿದೆ. ಲೋಭವು ವ್ಯಕ್ತಿಯಲ್ಲಿರಲಿಲ್ಲ, ವ್ಯವಸ್ಥೆಯಲ್ಲಿತ್ತು. ಮಿತ್ರನ ಮನೆಯ ದತ್ತಕವನ್ನು ತಪ್ಪಾಗಿ ಅಲ್ಲಗಳೆದರೆ ಅಧಿಕಾರಿಗೆ ಶಿಕ್ಷೆಯಿಲ್ಲ, ಸರಕಾರಕ್ಕೆ ಲಾಭ. ತಪ್ಪಾಗಿ ಒಪ್ಪಿದರೆ ಮಾತ್ರ ವಿಚಾರಣೆ. ಇಂಥ ತಕ್ಕಡಿಯ ಮುಂದೆ ಕುಳಿತ ಸಾಮಾನ್ಯ ಮನುಷ್ಯನು ದುಷ್ಟನಾಗಬೇಕಾಗಿಲ್ಲ. ಎಚ್ಚರದಪ್ಪಿದರೆ ಸಾಕು, ತಪ್ಪು ತಾನಾಗಿಯೇ ಒಂದು ಕಡೆಗೆ ಉರುಳುವದು. ಲೋಭದ ನೆರಳಿನಲ್ಲಿ ಬೆಳೆಯುವ ಬೆಳೆಯೇ ಪ್ರಮಾದ. ಅದಕ್ಕಾಗಿಯೇ ದುಷ್ಟನೋ ಮೂಢನೋ ಎಂಬ ಪ್ರಶ್ನೆಗೆ ಒಬ್ಬನ ಮುಖವನ್ನಷ್ಟೇ ನೋಡಿ ಉತ್ತರ ಹೇಳಲಾಗದು.

ಮತ್ತೊಂದು ಮಾತು. ಪ್ರಮಾದವೆಂದೊಡನೆ ಅಪರಾಧವು ಹಗುರಾಯಿತೆಂದು ತಿಳಿಯಬಾರದು. ಧರ್ಮಶಾಸ್ತ್ರಗಳು ಬುದ್ಧಿಪೂರ್ವಕವಾಗಿ ಮಾಡಿದ್ದನ್ನೂ ತಿಳಿಯದೆ ಮಾಡಿದ್ದನ್ನೂ ಬೇರ್ಪಡಿಸುವವು. ಎರಡನೆಯದಕ್ಕೆ ಪ್ರಾಯಶ್ಚಿತ್ತವು ಕಡಿಮೆ, ಆದರೆ ಇಲ್ಲವೇ ಇಲ್ಲವೆಂದಲ್ಲ. ಇದು ಸಾಮಾನ್ಯರ ಮಾತು. ಎಚ್ಚರವಾಗಿರುವದೇ ಯಾವನ ಉದ್ಯೋಗವೋ ಅವನಿಗೆ ಪ್ರಮಾದವೇ ಮಹಾಪರಾಧವು. ದಾರಿಹೋಕನು ನಿದ್ದೆಹೋದರೆ ದೋಷವಿಲ್ಲ, ಕಾವಲುಗಾರನು ನಿದ್ದೆಹೋದರೆ ಊರೇ ಸುಟ್ಟೀತು. ಥ್ಯಾಕರೆಯ ಒಂದು ಮುಂಜಾನೆಯ ಆತುರಕ್ಕೆ ಕೊಟ್ಟ ಬೆಲೆಯನ್ನು ಎಣಿಸಬೇಕು. ಒಂದು ಸಂಸ್ಥಾನ ಮುರಿಯಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ದೇಹಬಿಟ್ಟಳು. ಸಂಗೊಳ್ಳಿಯ ರಾಯಣ್ಣನು ಎದ್ದು ಸರಕಾರವನ್ನು ತಿಂಗಳಾನುಗಟ್ಟಲೆ ನಡುಗಿಸಿ, ಕೊನೆಗೆ ಹಿಡಿಯಲ್ಪಟ್ಟು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಹೆಸರಿಲ್ಲದೆ ಸತ್ತ ಸಿಪಾಯಿಗಳನ್ನೂ ರೈತರನ್ನೂ ಎಣಿಸಿದವರಾರು?

ದ್ರೋಹಿಯ ಕಥೆಯು ಕೇಳಲು ಸುಲಭ. ದ್ರೋಹಿಯೊಬ್ಬನನ್ನು ಬೈದರೆ ಉಳಿದವರೆಲ್ಲರೂ ನಿರ್ದೋಷಿಗಳಾಗುವರು; ಕಲಿಯಬೇಕಾದ್ದೇನೂ ಉಳಿಯುವದಿಲ್ಲ. ಮೂಢನ ಕಥೆಯೂ ಅಷ್ಟೇ ಸುಲಭ. ಪಾಪ, ತಿಳಿಯದೆ ಮಾಡಿದನೆಂದು ನಿಟ್ಟುಸಿರು ಬಿಟ್ಟರೆ ಮುಗಿಯಿತು. ಪ್ರಮಾದದ ಕಥೆಯೇ ಕಠಿಣವಾದದ್ದು. ಎಚ್ಚರಿಕೆ ಹೇಳಿದವರು ಯಾರು, ಅದನ್ನು ಕೇಳದವರು ಯಾರು, ಕೇಳದೆ ನಡೆಯುವ ಅಧಿಕಾರವನ್ನು ಅವರಿಗೆ ಕೊಟ್ಟವರು ಯಾರು, ತಪ್ಪಿನಿಂದ ಲಾಭವಾದದ್ದು ಯಾರಿಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಅದು ಪ್ರತಿಯೊಂದು ಕಾಲದ ಆಳುವವರಿಗೂ ಕೇಳುವದು. ರಾಮದುರ್ಗದ ರಾಮರಾಯನು ಆ ಸಂಜೆ ಹೇಳಿದ ಮಾತನ್ನು ಒಬ್ಬನು ಕಿವಿಯಲ್ಲಿ ಹಾಕಿಕೊಂಡಿದ್ದರೆ ಸುರೇಬಾನದ ಆ ಗುಡಿಯ ಹತ್ತಿರ ರಕ್ತ ಬೀಳುತ್ತಿರಲಿಲ್ಲ. ಆ ರಕ್ತದ ಹಿಂದೆ ಮಲಪ್ರಭೆಯಲ್ಲಿ ಎರಡು ಹೆಣಗಳು ತೇಲುತ್ತಿರಲಿಲ್ಲ.